ಎಣ್ಣೆ ಹಚ್ಚಿದ ಕೈಗೆ ಹುಳುಮನೆಯಿಲ್ಲ

ಆ ವರ್ಷಗಳಲ್ಲಿ ನನಗೆ ಬೆಳಗಾಗುವುದೇ ಬೇಡವಾಗಿತ್ತು. ಕೋಳಿ ಕೂಗುವ ಹೊತ್ತಿಗೆ ಎಚ್ಚರವೇನೋ ಆಗುತ್ತಿತ್ತು. ಆದರೆ ಬೆರಳುಗಳು ಮಡಚಿದ್ದರೆ ಮಡಚಿದಂತೆ, ಚಾಚಿದ್ದರೆ ಚಾಚಿದಂತೆ ಸೆಟೆದುಕೊಂಡಿರುತ್ತಿದ್ದವು. ಹೊದಿಕೆ ಸರಿಸಲು ಮೊಣಕೈ ಬೇಕು, ಎದ್ದು ಕೂರಲು ಗೋಡೆ ಬೇಕು, ಸೀರೆಯ ನೆರಿಗೆ ಹಿಡಿಯಲು ಅತ್ತೆ ಬೇಕು. ನಲವತ್ತು ತುಂಬದ ಸೊಸೆಗೆ ಎಪ್ಪತ್ತರ ಹತ್ತಿರದ ಅತ್ತೆ ನೆರಿಗೆ ಹಿಡಿದುಕೊಡುವ ಮನೆ ಇನ್ನೊಂದಿದ್ದರೆ ತೋರಿಸಿ. ನೋವನ್ನಾದರೂ ಹಲ್ಲು ಕಚ್ಚಿ ನುಂಗಬಹುದು, ಆ ನಾಚಿಕೆಯನ್ನು ನುಂಗಲು ನನಗೆ ಬರಲೇ ಇಲ್ಲ.

ನಮ್ಮದು ಚನ್ನಪಟ್ಟಣದಿಂದ ಒಳಗೆ ಒಂದು ಹಳ್ಳಿ. ನಾನು ಹುಟ್ಟಿ ಬೆಳೆದದ್ದು ಮಾಗಡಿ ತಾಲ್ಲೂಕಿನ ಕುದೂರಿನಲ್ಲಿ. ತವರಿನಲ್ಲಿ ರಾಗಿ, ಅವರೆ, ಹುರುಳಿ ಬಿಟ್ಟರೆ ನಮಗೆ ಬೇರೆ ಬೆಳೆ ಗೊತ್ತಿರಲಿಲ್ಲ. ರೇಷ್ಮೆಹುಳುವನ್ನು ಮೊದಲ ಸಲ ಮುಟ್ಟಿದ್ದು ಮದುವೆಯಾಗಿ ಬಂದ ಮೇಲೆಯೇ. ತಣ್ಣಗೆ ಬೆರಳ ಮೇಲೆ ಹರಿದ ಆ ಪ್ರಾಣಿಗೆ ಹೆದರಿ ಕಿರುಚಿಕೊಂಡು, ತಟ್ಟೆಯನ್ನೇ ಬೀಳಿಸುವುದರಲ್ಲಿದ್ದೆ. ಅತ್ತೆ ನಗಲಿಲ್ಲ. "ಅದುಕ್ಕೂ ನಿನ್ನ ಕಂಡ್ರೆ ಭಯ್ವೇ ಕಣಮ್ಮಿ. ನಿಧಾನುಕ್ಕೆ ಹಿಡ್ಕೊ" ಅಂದರು. ಬೈಯುವುದರಲ್ಲಿ ಊರಿಗೇ ಹೆಸರಾದ ಹೆಂಗಸು ನನಗೆ ಮೊದಲು ಹೇಳಿದ ಮಾತು ಇಷ್ಟು ಮೆತ್ತಗಿತ್ತು. ಆಮೇಲಿನ ಇಪ್ಪತ್ತು ವರ್ಷ ಅದರ ಬಡ್ಡಿಯನ್ನೆಲ್ಲ ಸೇರಿಸಿ ಬೈದರು ಅನ್ನಿ.

ಹುಳು ಸಾಕುವ ಮನೆಯಲ್ಲಿ ಹಬ್ಬವೂ ಪರೀಕ್ಷೆಯೂ ಒಂದೇ ದಿನ ಬರುತ್ತವೆ, ಹುಳು ಹಣ್ಣಾಗುವ ದಿನ. ಬೆಳೆದ ಹುಳು ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ನಿಲ್ಲಿಸುತ್ತದೆ, ಮೈ ಹಳದಿಗೆ ತಿರುಗುತ್ತದೆ, ಬೆಳಕಿಗೆ ಹಿಡಿದರೆ ಒಳಗಿನ ನೂಲೆಲ್ಲ ಕಂಡಂತಾಗುತ್ತದೆ. ಆಗ ಅದನ್ನು ತಟ್ಟೆಯಿಂದ ಆಯ್ದು ಚಂದ್ರಿಕೆಗೆ ಬಿಡಬೇಕು. ಬಿದಿರ ಚಾಪೆಯ ಮೇಲೆ ಬಿದಿರ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಕಟ್ಟಿದ ದೊಡ್ಡ ತಟ್ಟಿಯೇ ಚಂದ್ರಿಕೆ. ಅದರ ಸಂದಿಯಲ್ಲಿ ಕೂತು ಹುಳು ಗೂಡು ಕಟ್ಟುತ್ತದೆ. ಅವಸರ ಮಾಡಿ ಕಾಯಿ ಹುಳುವನ್ನು ಆಯ್ದರೆ ಗೂಡಿಲ್ಲ, ತಡ ಮಾಡಿದರೆ ಸೊಪ್ಪಿನ ಕಡ್ಡಿಗೇ ನೂಲು ಸುತ್ತಿ ಕೂರುತ್ತದೆ. ಅದಕ್ಕೇ ಆ ದಿನ ಅಕ್ಕಪಕ್ಕದ ಹೆಂಗಸರು ಮುಯ್ಯಾಳಾಗಿ ಬರುತ್ತಾರೆ. ಇವತ್ತು ಅವರು ನಮ್ಮ ಮನೆಗೆ, ನಾಳೆ ನಾವು ಅವರ ಮನೆಗೆ.

ಆ ಕೆಲಸದಲ್ಲಿ ನನ್ನ ಕೈಯನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಜಂಬ ಅಂದುಕೊಂಡರೆ ಅಂದುಕೊಳ್ಳಿ. ಹುಳು ಕಂಡವಳೇ ಅಲ್ಲದ ಕುದೂರಿನ ಹುಡುಗಿ, ಹಣ್ಣು ಹುಳುವನ್ನು ಕಣ್ಣಿಂದ ಹುಡುಕುವ ಮೊದಲೇ ಬೆರಳಿಂದ ಹುಡುಕುತ್ತಿದ್ದೆ. ಎಲ್ಲರ ಮನೆಯಿಂದಲೂ ಕರೆ ಬರುತ್ತಿತ್ತು. "ಕುದೂರಿನಕ್ಕನ್ನ ಕಳ್ಸಿ" ಅಂತ ಬಾಗಿಲಿಗೆ ಬಂದು ಕೇಳುವರು. ಅತ್ತೆ ಒಂದಿಷ್ಟು ಬಿಗುಮಾನ ತೋರಿಸಿ ಕಳಿಸುವರು. ಓದು ಬರಹ ಹೈಸ್ಕೂಲಿಗೇ ನಿಂತವಳು ನಾನು. ಗಂಡುಮಗು ಹೆರಲಿಲ್ಲ ಎಂಬ ಕೊರಗು ಮನೆಯಲ್ಲಿ ಮಾತಿಲ್ಲದೆ ಓಡಾಡುತ್ತಿತ್ತು. ಒಬ್ಬಳೇ ಮಗಳು ಕನಕಪುರದ ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಆ ಮನೆಯಲ್ಲಿ, ಆ ಊರಲ್ಲಿ ನಾನೊಬ್ಬಳು ಇದ್ದೇನೆ ಎನ್ನುವುದಕ್ಕೆ ನನ್ನ ಕೈಯೇ ಸಾಕ್ಷಿಯಾಗಿತ್ತು.

ಆ ಕೈಗೇ ಬಂತು.

ಮೊದಲು ನಡುಬೆರಳಿನ ಗೆಣ್ಣು ಊದಿತು. ಸೊಪ್ಪು ಕತ್ತರಿಸಿ ಕತ್ತರಿಸಿ ಹೀಗಾಗಿದೆ ಅಂದುಕೊಂಡೆವು. ಆಮೇಲೆ ಮಣಿಕಟ್ಟು, ಆಮೇಲೆ ಮಂಡಿ, ಪಾದ. ಜೊತೆಗೆ ಮೈಯೆಲ್ಲ ಸುಸ್ತು, ಸಂಜೆಯಾದರೆ ಸಣ್ಣ ಜ್ವರ. ಯಜಮಾನರು ಗೂಡು ಮಾರಲು ರಾಮನಗರಕ್ಕೆ ಹೊರಟ ಒಂದು ದಿನ ನನ್ನನ್ನೂ ಮೂಟೆಗಳ ಜೊತೆ ಟೆಂಪೋದಲ್ಲಿ ಕೂರಿಸಿಕೊಂಡರು. ಗೂಡು ಮಾರುಕಟ್ಟೆಯಲ್ಲಿ ಹರಾಜಾಯಿತು, ನಾನು ಡಾಕ್ಟರ ಮುಂದೆ ಕೂತೆ. ಅವರೊಬ್ಬರು ಲೇಡಿ ಡಾಕ್ಟರು, ಮಾತು ನೇರ. ನನ್ನ ಬೆರಳನ್ನು ಒಂದೊಂದಾಗಿ ಒತ್ತಿ ನೋಡಿ, ರಕ್ತ ಪರೀಕ್ಷೆಯ ಚೀಟಿ ಓದಿ ಹೇಳಿದರು:

"ಇದು ಕೀಲುವಾತ ಅಮ್ಮ. ಪೂರ್ತಿ ಹೋಗೋದಿಲ್ಲ. ಮಾತ್ರೆ ಬರೆದುಕೊಡ್ತೀನಿ. ಆದರೆ ಕೈಕಾಲು ಆಡಿಸ್ತಾ ಇರಬೇಕು. ನೋವು ಅಂತ ಸುಮ್ಮನೆ ಇಟ್ಟುಕೊಂಡರೆ ಕೀಲು ಹಾಗೇ ಕಟ್ಟಿಕೊಂಡುಬಿಡುತ್ತೆ."

"ನೋವಿದ್ದಾಗಲೂ ಆಡಿಸಬೇಕಾ?"

"ಊತ ಜಾಸ್ತಿ ಇರೋ ದಿನ ಮೆಲ್ಲಗೆ ಮಾಡಿ. ಬಿಡಬೇಡಿ."

ಬೆಳಿಗ್ಗೆ ಬಿಸಿನೀರಿನಲ್ಲಿ ಕೈಯಿಟ್ಟು ಮುಷ್ಟಿ ಕಟ್ಟಿ ಬಿಚ್ಚುವುದು, ಬಟ್ಟೆಯ ಉಂಡೆ ಹಿಸುಕುವುದು, ಹೆಬ್ಬೆರಳಿಂದ ಒಂದೊಂದೇ ಬೆರಳನ್ನು ಮುಟ್ಟುವುದು, ಆಮೇಲೆ ಒಂದಷ್ಟು ದೂರ ನಡೆಯುವುದು. ಕೇಳುವುದಕ್ಕೆ ಅಂಗನವಾಡಿ ಮಕ್ಕಳ ಆಟ. ಆಗ ನಾನು ನಕ್ಕಿದ್ದೆ ಕೂಡ.

ಮನೆಗೆ ಬಂದು ಹೇಳಿದಾಗ ಅತ್ತೆಗೆ ಅದು ಒಪ್ಪಿಗೆಯಾಗಲಿಲ್ಲ. ನಮ್ಮ ಕಡೆ ಹುಳು ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು ತಲೆಯೆತ್ತಿ ಅಲುಗಾಡದೆ ಕೂರುವುದನ್ನು ಜ್ವರ ಅನ್ನುತ್ತಾರೆ. ಒಂದು ಬೆಳೆಯಲ್ಲಿ ನಾಲ್ಕು ಜ್ವರ. ಆಗ ಹುಳುವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ಜೋರಾಗಿ ಮಾತೂ ಆಡಬಾರದು. ಅತ್ತೆ ಬದುಕಿನ ಎಲ್ಲ ಶಾಸ್ತ್ರವನ್ನೂ ಹುಳುಮನೆಯಲ್ಲೇ ಓದಿದವರು. "ಜ್ವರ ಬಂದಾಗ ಹುಳಾನೇ ಅಲ್ಲಾಡಲ್ಲ. ಮೈ ನೊಂದಿರೋವಾಗ ಕೈ ಕುಣಿಸು ಅಂತಾಳಲ್ಲ, ಅವ್ಳೆಂತ ಡಾಕ್ಟ್ರು?" ಎಂದರು. ನನಗೂ ಅದೇ ಸರಿ ಅನ್ನಿಸಿತು. ಯಾಕೆ ಅನ್ನಿಸದು? ಮೈ ಬೇಡವೆನ್ನುವುದನ್ನೇ ಹಿರಿಯರೂ ಬೇಡವೆಂದರೆ ಅದಕ್ಕಿಂತ ಹಿತವಾದ ಮಾತು ಇನ್ನಾವುದಿದೆ? ಆದರೆ ಹುಳು ಜ್ವರದಿಂದ ಏಳುತ್ತಿತ್ತು, ಹೊಸ ಚರ್ಮದಲ್ಲಿ ಹಸಿದು ಸೊಪ್ಪಿಗೆ ಬಾಯಿ ಹಾಕುತ್ತಿತ್ತು. ನಾನು ಏಳಲಿಲ್ಲ. ಕೂತಷ್ಟೂ ಕೀಲು ಬಿಗಿಯಿತು. ಅತ್ತೆಯೇ ಅದನ್ನು ಕಂಡು, "ಅದೇನೋ ಮಾಡು ಅಂದ್ಳಲ್ಲ, ಮಾಡ್ ಹೋಗು" ಅಂದರು.

ನಡೆಯಲು ಹೊರಟೆ. ನಮ್ಮೂರಲ್ಲಿ ಹೆಂಗಸು ಸುಮ್ಮನೆ ನಡೆಯುವ ಹಾಗಿಲ್ಲ ಎಂದು ಗೊತ್ತಾಗಿದ್ದು ಆಗಲೇ. ತಲೆಯ ಮೇಲೆ ಹುಲ್ಲೋ, ಸೊಂಟದಲ್ಲಿ ಬಿಂದಿಗೆಯೋ ಏನಾದರೂ ಇರಲೇಬೇಕು. ಕೆರೆ ಏರಿಯ ಕಡೆಗೆ ಕಾಲೆಳೆದುಕೊಂಡು ಹೊರಟರೆ ಬಟ್ಟೆ ಒಗೆಯುವವರು ಕೇಳುವರು.

"ಎಲ್ಲಿಗ್ ಹೊಂಟೆ ಅಕ್ಕಾ, ಬರಿಗೈಲಿ?"

"ಇಲ್ಲೇ, ಸುಮ್ನೆ."

"ಸುಮ್ನೆ ಯಾರಾರ ನಡೀತಾರಾ?"

ಎರಡು ದಿನಕ್ಕೇ ಅತ್ತೆಯ ಕಿವಿಗೆ ಸುದ್ದಿ ಬಿತ್ತು. ನಿನ್ನ ಸೊಸೆ ಬೆಳಿಗ್ಗೆ ಬೆಳಿಗ್ಗೆ ಕೆರೆ ಕಡೀಕೆ ಬರಿಗೈಲಿ ಹೋಯ್ತವ್ಳೆ, ಒಸಿ ಕಣ್ಣಿಟ್ಟಿರು ಎಂದು ಯಾರೋ ಹೇಳಿದ್ದರು. ಅತ್ತೆ ನನ್ನನ್ನು ಏನೂ ಕೇಳಲಿಲ್ಲ. ಒಂದು ಖಾಲಿ ಮಂಕರಿ ತಂದು ಮೊಣಕೈಗೆ ತೂಗುಹಾಕಿ, "ಸೊಪ್ಪಿಗೆ ಹೋಯ್ತೀನಿ ಅನ್ನು" ಅಂದರು. ಅವತ್ತಿನಿಂದ ಖಾಲಿ ಮಂಕರಿ ಹೊತ್ತು ಹೋಗಿ ಖಾಲಿ ಮಂಕರಿ ಹೊತ್ತು ಬರುತ್ತಿದ್ದೆ. ಊರಿನವರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ಮಂಡಿ ಹಿಡಿದುಕೊಂಡು ಏರಿಯ ಮೇಲೆ ನಿಂತಾಗ, ಮನೆಗೆ ತಿರುಗಿ ಹೋಗುವಷ್ಟು ದೂರ ನೀರಿಗೆ ಇಲ್ಲವಲ್ಲ ಎಂದು ಒಂದೆರಡು ಸಲ ಅನ್ನಿಸಿದ್ದಿದೆ. ಆ ಏರಿ ಇಳಿಯುವುದಕ್ಕೂ ಮಂಡಿ ಬಗ್ಗಬೇಕಲ್ಲ, ಅಷ್ಟು ಉಸಾಬರಿ ಯಾರಿಗೆ ಬೇಕು ಅಂದುಕೊಂಡು ಹಿಂದಿರುಗಿದೆ.

ಅಷ್ಟರಲ್ಲಿ ನನ್ನ ಅಣ್ಣ ನೋಡಲು ಬಂದವನು ಮಾಗಡಿಯ ನಾಟಿ ವೈದ್ಯರಿಂದ ಒಂದು ಬಾಟಲಿ ಎಣ್ಣೆ ತಂದುಕೊಟ್ಟ. ಕರ್ಪೂರ, ನೀಲಗಿರಿ, ಇನ್ನೇನೇನೋ ಬೇರು ಹಾಕಿ ಕಾಯಿಸಿದ್ದು. ಬಿರಡೆ ತೆಗೆದರೆ ಬೀದಿಯ ತುದಿಗೆ ಗೊತ್ತಾಗುವಂಥ ವಾಸನೆ. ಆದರೆ ಅದನ್ನು ಹಚ್ಚಿ ಒಂದು ಗಳಿಗೆ ಬಿಟ್ಟರೆ ಬೆರಳು ಸಡಿಲವಾಗುತ್ತಿತ್ತು. ಮುಷ್ಟಿ ಅರ್ಧ ಕೂಡುತ್ತಿತ್ತು. ಡಾಕ್ಟರು ಹೇಳಿದ ಆಟವನ್ನೆಲ್ಲ ಆಡಬಹುದಾಗಿತ್ತು. ಬಹಳ ತಿಂಗಳ ಮೇಲೆ ನನ್ನ ಸೀರೆಯ ನೆರಿಗೆಯನ್ನು ನಾನೇ ಹಿಡಿದ ದಿನ, ಹಬ್ಬದ ಸಂಭ್ರಮದಲ್ಲಿ ಹುಳುಮನೆಯ ಬಾಗಿಲಿಗೆ ಹೋದೆ.

"ಅಲ್ಲೇ ನಿಂತ್ಕೊ!" ಒಳಗಿನಿಂದ ಅತ್ತೆ ಕೂಗಿದರು. "ಎಣ್ಣೆ ಹಚ್ಕಂಡವ್ಳು ಒಳೀಕೆ ಕಾಲಿಡ್ಬ್ಯಾಡ."

ನನಗೆ ಗೊತ್ತಿಲ್ಲದ ನಿಯಮವೇನಲ್ಲ. ಹುಳುವಿಗೆ ಘಾಟು ಆಗದು. ಬೀಡಿ ಸೇದಿದವರು, ಊದುಬತ್ತಿ ಹಚ್ಚಿದವರು, ಮಲ್ಲಿಗೆ ಮುಡಿದವರು ಯಾರೂ ಒಳಗೆ ಬರುವಂತಿಲ್ಲ. ಹುಳು ದೊಡ್ಡದಾದ ಮೇಲೆ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಗೂ ರಜಾ. ತಲೆನೋವಿನ ಮುಲಾಮು ಹಚ್ಚಿಕೊಂಡು ಒಳಗೆ ಬಂದ ಆಳೊಬ್ಬನಿಂದ ತಮ್ಮ ಕಾಲದಲ್ಲಿ ಇಡೀ ಬೆಳೆ ಹೋಯಿತೆಂದು ಅತ್ತೆ ಹೇಳುತ್ತಿದ್ದರು. ಬೆಳೆ ಹೋಗಲು ಬೇರೆ ನೂರು ಕಾರಣ ಇದ್ದಿರಬಹುದು. ಆದರೆ ಸಾಯಲು ಕಾದು ಕೂತ ಹುಳುವಿನ ಮನೆಯಲ್ಲಿ ಅದನ್ನು ಪರೀಕ್ಷೆ ಮಾಡಿ ನೋಡುವ ಧೈರ್ಯ ಯಾರಿಗಿದೆ? ಸೋಪು ಹಾಕಿ ತೊಳೆದೆ, ಬೂದಿ ಹಾಕಿ ತಿಕ್ಕಿದೆ. ಆ ಎಣ್ಣೆಯ ವಾಸನೆ ಚರ್ಮದೊಳಗೇ ಹೊಕ್ಕಿತ್ತು. ಬಾಗಿಲಲ್ಲಿ ಅತ್ತೆ ನನ್ನ ಕೈಯನ್ನು ಮೂಗಿಗೆ ಹಿಡಿದು ನೋಡಿ ತಲೆಯಾಡಿಸಿದರು.

ಅತ್ತ ದರಿ, ಇತ್ತ ಪುಲಿ. ಎಣ್ಣೆ ಹಚ್ಚಿದರೆ ಕೈ ಆಡುತ್ತದೆ, ಹುಳುಮನೆ ಇಲ್ಲ. ಹಚ್ಚದಿದ್ದರೆ ಹುಳುಮನೆಗೆ ಹೋಗಬಹುದು, ಕೈ ಆಡುವುದಿಲ್ಲ. ಹುಳು ಮುಟ್ಟಲಾಗದ ಮೇಲೆ ಈ ಕೈಯನ್ನು ಆಡಿಸಿ ನನಗೇನಾಗಬೇಕು ಎಂಬ ಪ್ರಶ್ನೆ ಮೆಲ್ಲಗೆ ಬಂದು ನನ್ನ ಪಕ್ಕದಲ್ಲೇ ಮಲಗಿತು. ಮೈ ಚೆನ್ನಾಗಿದ್ದಾಗ ಯಾರೂ ಇದನ್ನು ಕೇಳಿಕೊಳ್ಳುವುದಿಲ್ಲ, ಕೈ ತಾನಾಗಿ ಆಡುತ್ತದೆ. ಮೈ ಕೆಟ್ಟಾಗ ಪ್ರತಿ ಬೆರಳೂ ಯಾಕೆ, ಯಾಕೆ ಎಂದು ಕೇಳುತ್ತದೆ, ಉತ್ತರ ಸಿಕ್ಕದಿದ್ದರೆ ಅಲುಗುವುದಿಲ್ಲ. ಬಿಸಿನೀರು ಬಿಟ್ಟೆ, ನಡಿಗೆ ಬಿಟ್ಟೆ. ಮಂಕರಿಯಲ್ಲಿ ಕೋಳಿ ಕಾವಿಗೆ ಕೂತಿತು.

ಆ ಕಾಲದಲ್ಲಿ ನನಗೆ ಬುದ್ಧಿ ಹೇಳದವರು ಯಾರು? ಬಂದವರೆಲ್ಲ ಗೋಡೆಗೆ ಒರಗಿ ಕೂತು, ಕಾಫಿ ಕುಡಿದು, ಮನಸ್ಸು ಮಾಡಿದರೆ ಯಾವುದು ತಾನೇ ಆಗಲ್ಲ ಹೇಳು ಅನ್ನುವರು. ಕಾಲ ಮೇಲೆ ಕಾಲು ಹಾಕಿಕೊಂಡು ಅನ್ನುವರು. ನನಗೆ ಆ ಕಾಲುಗಳ ಮೇಲೇ ಕಣ್ಣು. ರೇಡಿಯೋದಲ್ಲಿ ಒಬ್ಬರು ವ್ಯಾಯಾಮದಿಂದ ಮನಸ್ಸಿಗೆ ಉಲ್ಲಾಸ ಎಂದು ಮಾತಾಡುತ್ತಿದ್ದಾಗ, "ಬಾರಪ್ಪ, ನನ್ನ ಕೈ ತಗೊಂಡು ನಿನ್ನ ಉಲ್ಲಾಸ ಕೊಡು" ಎಂದು ಜೋರಾಗಿಯೇ ಅಂದೆ. ಯಜಮಾನರು ಎದ್ದು ರೇಡಿಯೋ ಆರಿಸಿದರು. ಅವರು ಒಳ್ಳೆಯವರು, ಏನು ಮಾಡಬೇಕೆಂದು ಅವರಿಗೂ ತಿಳಿಯುತ್ತಿರಲಿಲ್ಲ. ಕೈಲಾಗದವಳು ಮೈ ಪರಚಿಕೊಂಡಳು ಎಂಬ ಗಾದೆ ಇದೆ. ನನಗೆ ಪರಚಿಕೊಳ್ಳಲೂ ಬೆರಳು ಮಡಚುತ್ತಿರಲಿಲ್ಲ.

ಹೀಗೆ ಬೆಳೆಯ ಮೇಲೆ ಬೆಳೆ ಹೋಯಿತು. ಹಣ್ಣಾಗುವ ದಿನಗಳಲ್ಲಿ ನಾನು ಹೊರಗಡೆ ಜಗಲಿಯ ಮೇಲೆ ಕೂತಿರುತ್ತಿದ್ದೆ. ಗೋಡೆಯ ಆಚೆ ಹೆಂಗಸರ ಮಾತು, ನಗು, ಬಳೆ ಸದ್ದು. ಅಂಥದೊಂದು ದಿನ ಕೆಲಸ ಸಾಗದೆ ಒಳಗೆ ಗಡಿಬಿಡಿ ಎದ್ದಿತ್ತು. ಆಗ ಯಾರೋ ಅಂದದ್ದು ಕಿಟಕಿಯಿಂದ ನೇರ ನನ್ನ ಕಿವಿಗೆ ಬಿತ್ತು.

"ಕುದೂರಿನಕ್ಕ ಇದ್ದಿದ್ರೆ ಇಷ್ಟೊತ್ಗೆ ಮುಗೀತಿತ್ತು ಕಣ್ರೇ."

ಇದ್ದಿದ್ದರೆ! ಒಂದು ಮೊಳ ಗೋಡೆಯ ಈಚೆ ಬದುಕಿ ಕೂತಿದ್ದೆ ನಾನು. ಅವಳು ಕೆಟ್ಟದ್ದಕ್ಕೆ ಅಂದದ್ದಲ್ಲ, ಹೊಗಳಿದ್ದೇ. ಸತ್ತವರನ್ನು ಹೊಗಳುವ ಹಾಗೆ ಹೊಗಳಿದ್ದಳು. ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಂಜೆ ಅತ್ತೆ ಕೈ ತೊಳೆದು ಜಗಲಿಗೆ ಬಂದ ಕೂಡಲೇ ಹೇಳಿದೆ.

"ಮುಂದಿನ ಬೆಳೆಗೆ ನಾನೂ ಹುಳ ಆಯ್ತೀನಿ ಅತ್ತೆ."

ಅವರು ನನ್ನ ಕೈ ನೋಡಿದರು. "ಎಣ್ಣೆ?"

"ಇವತ್ತಿಂದ ಮುಟ್ಟಲ್ಲ."

"ನೋವು?"

"ಇರ್ಲಿ."

ಅತ್ತೆ ಬೆಳಗಿನ ಜಾವವೇ ಹಿತ್ತಲ ಒಲೆಯ ಮೇಲೆ ನೀರಿಡತೊಡಗಿದರು. ಹುಳುವಿಗೆ ಮೊದಲ ಸೊಪ್ಪು ಹಾಕುವ ಮುಂಚೆ ನನ್ನ ಕೈಗೆ ಬಿಸಿನೀರು. ಎಣ್ಣೆಯಿಲ್ಲದೆ ಬೆರಳು ಬಿಚ್ಚುವುದೆಂದರೆ ಏನೆಂದು ಹೇಗೆ ಹೇಳಲಿ? ತುಕ್ಕು ಹಿಡಿದ ಬೀಗಕ್ಕೆ ಬೀಗದ ಕೈ ತಿರುಗಿಸಿದ ಹಾಗೆ, ಆದರೆ ಆ ಬೀಗ ನಿಮ್ಮದೇ ಮೂಳೆ. ನಾನು ಹೊದಿಕೆ ಎಳೆದುಕೊಂಡು ಮಲಗಿಬಿಡುತ್ತಿದ್ದೆ. ಅತ್ತೆ ಬಿಡುತ್ತಿರಲಿಲ್ಲ.

"ಏಳಮ್ಮಿ ಮೈಗಳ್ಳಿ! ಹುಳ ಎದ್ದವೆ, ಕೋಳಿ ಎದ್ದವೆ, ನೀನೊಬ್ಳು ರಾಣಿಯಂಗೆ ಬಿದ್ದಿದ್ದೀಯ. ಹುಳ ಆಯ್ತೀನಿ ಅಂದೋಳು ಯಾರು, ನಿಮ್ಮಪ್ಪನಾ?"

ಅಪ್ಪನ ಹೆಸರೆತ್ತಿದರೆ ನನಗೆ ಉರಿಯುತ್ತದೆ ಎಂದು ಅವರಿಗೆ ಗೊತ್ತು. ಉರಿದು ಎದ್ದು ಕೂರುತ್ತಿದ್ದೆ. ನನ್ನನ್ನು ಎಬ್ಬಿಸಿದ್ದು ಹುರುಪೂ ಅಲ್ಲ, ಛಲವೂ ಅಲ್ಲ, ಆ ಬೈಗುಳ. ಮೈ ಸೋತವಳನ್ನು ಊರೆಲ್ಲ ಮೆತ್ತಗೆ ಮಾತಾಡಿಸುತ್ತಿದ್ದಾಗ ಒಬ್ಬರಾದರೂ ಮೈಗಳ್ಳಿ ಅನ್ನುತ್ತಿದ್ದರು. ಮೈಗಳ್ಳಿ ಅಂದರೆ ಮನಸ್ಸು ಮಾಡಿದರೆ ಮಾಡಬಲ್ಲವಳು ಅಂತ ತಾನೇ ಅರ್ಥ? ಬಿಸಿನೀರಿನಲ್ಲಿ ಕೈ ಮುಳುಗಿಸಿ ಅಳುತ್ತಾ ಮುಷ್ಟಿ ಕಟ್ಟುತ್ತಿದ್ದೆ, ಅವರು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಬೈಯುತ್ತಿದ್ದರು. ಯಜಮಾನರು ಕಂಬದ ಹತ್ತಿರ ನಿಂತು, "ಯಾಕವ್ವ ಹಿಂಗೆ ಅವ್ಳ ಪ್ರಾಣ ತಕ್ಕತೀಯ?" ಅಂದರೆ, "ನೀನ್ ಹೋಗಿ ಕಡ್ಡಿ ಕೊಯ್ಯಿ ಹೋಗ್ಲಾ" ಎಂದು ಅವರನ್ನೂ ಓಡಿಸುತ್ತಿದ್ದರು.

ಬೆರಳು ಒಂದಿಷ್ಟು ಸಡಿಲವಾದ ಮೇಲೆ ಹುಳು ಆಯುವುದನ್ನು ಅಭ್ಯಾಸ ಮಾಡಬೇಕಲ್ಲ. ಬೆಳೆಯುವ ಹುಳುವನ್ನು ಅಭ್ಯಾಸಕ್ಕೆ ಕೊಡುವಂತಿಲ್ಲ. ಅವರೆಕಾಯಿಯ ಕಾಲ, ಅತ್ತೆ ಹಸಿ ಅವರೆಕಾಳನ್ನು ಒಂದು ಮೊರದಲ್ಲಿ ಹರಡಿ, ಪಕ್ಕದಲ್ಲಿ ಖಾಲಿ ಮೊರ ಇಟ್ಟರು. ಒಂದೊಂದೇ ಕಾಳು ಈಚೆಯಿಂದ ಆಚೆಗೆ. ಮೊದಲು ಉದುರುತ್ತಿತ್ತು, ಆಮೇಲೆ ಹಿಡಿತಕ್ಕೆ ಬಂತು. ಆಮೇಲೆ ನೀರಲ್ಲಿ ನೆನೆಸಿ ಸಿಪ್ಪೆ ಬಿಡಿಸಿದ ಬೇಳೆಯನ್ನೇ ಎತ್ತಿಡುವಷ್ಟಾದೆ. ಮತ್ತೆ ರಾಮನಗರಕ್ಕೆ ಹೋದಾಗ ಡಾಕ್ಟರು ತಮ್ಮ ಎರಡು ಬೆರಳನ್ನು ನನ್ನ ಕೈಗೆ ಕೊಟ್ಟು ಹಿಸುಕಿ ಅಂದರು. ಹಿಸುಕಿದೆ. "ಅಬ್ಬಾ! ಯಾರ್ರೀ ನಿಮಗೆ ಇಷ್ಟು ಚೆನ್ನಾಗಿ ಮಾಡಿಸಿದ್ದು?" ಎಂದು ಕೇಳಿದರು. ನಮ್ಮತ್ತೆ ಅಂದೆ. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಹೆಬ್ಬೆರಳಿಂದ ಒಂದೊಂದೇ ಬೆರಳನ್ನು ಮುಟ್ಟಿಕೊಂಡು ಬಂದೆ. ಅಷ್ಟು ಸಂತೋಷ ನನಗೆ ಮಗಳು ಹುಟ್ಟಿದಾಗ ಆಗಿತ್ತು, ಆಮೇಲೆ ಅವತ್ತು.

ನಾಲ್ಕನೆಯ ಜ್ವರ ಎದ್ದ ಹುಳು ಮಳೆ ಹುಯ್ದ ಸದ್ದಿನಲ್ಲಿ ಸೊಪ್ಪು ತಿಂದು, ಒಂದು ಬೆಳಿಗ್ಗೆ ಹಣ್ಣಾಗತೊಡಗಿತು. ನಾನು ಸೀಗೆಪುಡಿಯಲ್ಲಿ ತಲೆಗೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಬಾಗಿಲಲ್ಲಿ ಕೈ ಚಾಚಿ ನಿಂತೆ. ಅತ್ತೆ ಅಂಗೈ, ಹಿಂಗೈ ಎರಡನ್ನೂ ಮೂಸಿ ನೋಡಿದರು. "ಬಾ" ಅಂದರು. ಒಳಗಿದ್ದ ಹೆಂಗಸರು, "ಬಂದ್ಲಪ್ಪ ನಮ್ ಕುದೂರಿನಕ್ಕ! ಇನ್ ನಮ್ಗೇನ್ ಕೆಲ್ಸ" ಎಂದು ಜಾಗ ಬಿಟ್ಟುಕೊಟ್ಟರು. ಸುಣ್ಣದ ಪುಡಿ, ಹಸಿ ಸೊಪ್ಪು, ಹುಳುವಿನ ಹಿಕ್ಕೆ, ಎಲ್ಲ ಸೇರಿದ ಆ ಮನೆಯ ಗಾಳಿಯನ್ನು ಎಳೆದುಕೊಂಡು ನನ್ನ ಹಳೆಯ ಜಾಗದಲ್ಲಿ ಕೂತೆ. ಕಣ್ಣಿಗೆ ಏನೂ ಮರೆತಿರಲಿಲ್ಲ. ತಟ್ಟೆಯಲ್ಲಿ ಯಾವುದು ಹಣ್ಣು, ಯಾವುದು ಇನ್ನೂ ಸಂಜೆಗೆ ಎಂದು ನೋಡಿದ ಕೂಡಲೇ ತಿಳಿಯಿತು.

ಮೊದಲನೆಯದನ್ನು ಎತ್ತಿದೆ. ಬೆರಳ ನಡುವೆ ಅದು ಒಡೆಯಿತು.

ಹಳದಿ ಅಂಟು ಅಂಗೈಗೆ ಇಳಿಯಿತು. ಇದೊಂದು ಆಗುವುದೇ, ಯಾರ ಕೈಯಲ್ಲಾದರೂ ಆಗುತ್ತದೆ ಅಂದುಕೊಂಡು ಸೆರಗಿಗೆ ಒರೆಸಿಕೊಂಡೆ. ಇನ್ನೊಂದು ಎತ್ತಿದೆ, ಅದು ಸರಿಯಾಗಿ ಚಂದ್ರಿಕೆಗೆ ಹೋಯಿತು. ಮತ್ತೊಂದು ಒಡೆಯಿತು. ಅದರ ಪಕ್ಕದ್ದೂ ಒಡೆಯಿತು. ಅವರೆಕಾಳು ಎಷ್ಟು ಒತ್ತಿದರೂ ತಡೆದುಕೊಳ್ಳುತ್ತದೆ. ಹಣ್ಣು ಹುಳುವಿನ ಚರ್ಮ ಹಾಲಿನ ಕೆನೆಯಷ್ಟು ತೆಳು. ನನ್ನ ಬೆರಳು ಮುಚ್ಚುವುದನ್ನು ಕಲಿತಿತ್ತು, ಎಲ್ಲಿ ನಿಲ್ಲಬೇಕೆಂದು ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಸಡಿಲ ಹಿಡಿದರೆ ಹುಳು ಜಾರಿ ನೆಲಕ್ಕೆ, ಬಿಗಿ ಹಿಡಿದರೆ ಸಾವು. ಇವೆರಡರ ನಡುವೆ ಒಂದು ಜಾಗ ಇತ್ತು. ಇಪ್ಪತ್ತು ವರ್ಷ ನಾನು ಆ ಜಾಗದಲ್ಲೇ ಬದುಕಿದ್ದೆ, ಈಗ ಹುಡುಕಿದರೂ ಸಿಗಲಿಲ್ಲ. ಅಷ್ಟು ದಿನ ನನ್ನ ಮೂಳೆಯನ್ನು ಹಿಂಡಿ ಗಳಿಸಿದ್ದೆಲ್ಲ ಬರೀ ಬಲ. ಇಲ್ಲಿ ಬಲಕ್ಕೆ ಏನೂ ಕೆಲಸ ಇರಲಿಲ್ಲ.

ಹೆಂಗಸರು ತಮ್ಮ ತಮ್ಮ ತಟ್ಟೆಗೆ ಬಗ್ಗಿದರು. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ, ಎಲ್ಲರಿಗೂ ಕಾಣುತ್ತಿತ್ತು. ನಾನು ನಿಲ್ಲಿಸಲಿಲ್ಲ. ಇನ್ನೊಂದು, ಇನ್ನೊಂದು ಎಂದು ಎತ್ತುತ್ತಲೇ ಹೋದೆ. ಕಣ್ಣು ಮಂಜಾಗಿ ಕಾಯಿ ಹುಳುವನ್ನೂ ಎತ್ತಿದೆ. ನನ್ನ ಮಡಿಲಲ್ಲಿ ಒಡೆದ ಹುಳುಗಳು ಬಿದ್ದಿದ್ದವು. ತಿಂಗಳಿಡೀ ಮನೆಮಂದಿಯೆಲ್ಲ ಹಗಲಿರುಳು ಸೊಪ್ಪು ಹಾಕಿ, ಇರುವೆ ಕಾದು, ಚಳಿ ತಡೆದು ಬೆಳೆಸಿದವು. ಇನ್ನು ಗೂಡು ಕಟ್ಟುವುದೊಂದೇ ಉಳಿದಿತ್ತು ಅವಕ್ಕೆ.

ಆಗ ಅತ್ತೆಯ ಕೈ ಬಂದು ನನ್ನ ಮಣಿಕಟ್ಟಿನ ಮೇಲೆ ಕೂತಿತು. ಈಗ ಬೈಯುತ್ತಾರೆ ಎಂದು ಕಾದೆ. ಬೈದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಇನ್ನೊಮ್ಮೆ ಸರಿಯಾಗಿ ಹಿಡಿದೇನು ಅನ್ನಿಸಿತು.

"ಬಾ ಮಗಾ, ಆಚೀಗೆ" ಅಂದರು.

ನನ್ನನ್ನು ಎಬ್ಬಿಸಿ ಜಗಲಿಗೆ ಕರೆತಂದರು. ಚೊಂಬಿನಲ್ಲಿ ನೀರು ತಂದು ಅಂಟನ್ನೆಲ್ಲ ತೊಳೆದರು. ಮಡಿಲಲ್ಲಿ ಇದ್ದುದನ್ನು ತಾವೇ ಕೊಡವಿದರು. ಆಮೇಲೆ ಒಳಗೆ ಹೋಗಿ ಅಟ್ಟದ ಮೂಲೆಯಲ್ಲಿ ಇಟ್ಟಿದ್ದ ಎಣ್ಣೆಯ ಬಾಟಲಿ ತಂದು ನನ್ನ ಎದುರಿಗೆ ಕೂತರು.

"ಒಳಗಡೆ ಹುಳ ಅವೆ ಅತ್ತೆ, ಘಾಟು" ಅಂದೆ.

"ನೀನು ಇನ್ನ ಒಳೀಕೆ ಯಾಕ್ ಬತ್ತೀಯ? ಹಚ್ಕೊ. ಎಷ್ಟ್ ದಿನ ಅಂತ ನೋವ ತಿಂತೀಯ?"

ನನ್ನ ಕೈಗೆ ಬಾಟಲಿ ಕೊಡಲಿಲ್ಲ, ತಮ್ಮ ಅಂಗೈಗೇ ಎಣ್ಣೆ ಸುರಿದುಕೊಂಡರು. ಹಣ್ಣಾಗುವ ದಿನ ಹುಳುಮನೆ ಬಿಟ್ಟು ಹೊರಗೆ ಕೂತವರೇ ಅಲ್ಲ ಅವರು. ಕಿಟಕಿಯ ಕಡೆ ಮುಖ ಮಾಡಿ ಮಗನಿಗೆ ಕೂಗಿ ಹೇಳಿದರು, "ಮಿಕ್ಕಿದ್ದ ನೀವೇ ಆಯ್ಕಳ್ಳಿ ಕಣ್ಲಾ. ನನ್ ಕೈಗೆ ಎಣ್ಣೆ ಆಗೈತೆ."

ಅತ್ತೆ ಕಿರುಬೆರಳಿಂದ ಶುರುಮಾಡಿ ಒಂದೊಂದೇ ಗೆಣ್ಣನ್ನು ನೀವತೊಡಗಿದರು. ಬಿಸಿ ಏರಿತು, ನೋವು ಇಳಿಯುತ್ತಾ ಬಂತು. ನನಗೆ ಎಂಥ ಭಯವಾಯಿತೆಂದರೆ, ಅವರ ಕೈ ಹಿಡಿದುಕೊಂಡು, ಬೈಯಿರಿ ಅತ್ತೆ, ಮೈಗಳ್ಳಿ ಅನ್ನಿ, ಒಂದೇ ಒಂದು ಸಲ ಅನ್ನಿ ಎಂದು ಬೇಡಿಕೊಂಡೆ.

ಅವರು ಅನ್ನಲಿಲ್ಲ. ತಲೆ ತಗ್ಗಿಸಿಕೊಂಡು ಎಣ್ಣೆ ತಿಕ್ಕುತ್ತಲೇ ಇದ್ದರು.